ಹಳ್ಳದ ನೀರಿನಲ್ಲಿ ಕಳೆ ಕೀಳುವವರ ಕಾಲು

2ನೇ ಅಡ್ಡರಸ್ತೆ, ಮನೆ 27:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಸೊಪ್ಪು ತರುವ ಅಕ್ಕ ನಾಲ್ಕು ದಿನ ಬಂದಿರಲಿಲ್ಲ. ಇಂದು ಬಲಗಾಲಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಾರೆ. ಬಿಡನಾಳದ ಕಡೆಯ ಹೊಲದಲ್ಲಿ ಪಾಲಕದ ಕಳೆ ಕೀಳುವಾಗ ಕೆಸರಿನಲ್ಲಿದ್ದ ಇಂಜೆಕ್ಷನ್ ಸೂಜಿ ಅಂಗಾಲಿಗೆ ಚುಚ್ಚಿದೆ. ಅರಿಶಿನ ಮೆತ್ತಿಕೊಂಡು ಮರುದಿನವೂ ಅದೇ ನೀರಿಗೆ ಇಳಿದಿದ್ದಾರೆ. ಕಾಲು ಬಾತ ಮೇಲಷ್ಟೇ ಮನೆಯಲ್ಲಿ ಉಳಿದದ್ದು. ಆ ಹೊಲಕ್ಕೆ ಪಂಪಿನಲ್ಲಿ ಎತ್ತುವುದು ಹಳ್ಳಕ್ಕೆ ಹರಿದು ಬರುವ ಹುಬ್ಬಳ್ಳಿಯ ಗಟಾರು ನೀರು. ನಮ್ಮ ಬಡಾವಣೆಯ ಶೌಚದ ನೀರೂ ಅದರಲ್ಲೇ ಇದೆ. ಏನು ಮಾಡೋಣ, ಹೇಳಿ.

1ನೇ ಅಡ್ಡರಸ್ತೆ, ಮನೆ 6:
ಅಕ್ಕನವರೇ, ಪಂಪುಗಳನ್ನೇ ನಿಲ್ಲಿಸುವಂತೆ ಅರ್ಜಿ ಕೊಡೋಣ. ಆ ಸೊಪ್ಪನ್ನು ನಮ್ಮ ಮಕ್ಕಳೂ ತಿನ್ನುತ್ತಾರೆ.

3ನೇ ಅಡ್ಡರಸ್ತೆ, ಮನೆ 41:
ಸರ್, ನಮ್ಮ ಮಾವನವರ ಎರಡು ಎಕರೆ ಅಲ್ಲೇ ಇದೆ. ಮಳೆ ಕೈಕೊಟ್ಟ ವರ್ಷವೂ ಆ ಹಳ್ಳ ಬತ್ತುವುದಿಲ್ಲ, ಗೊಬ್ಬರದ ಖರ್ಚೂ ಕಡಿಮೆ. ಆದರೆ ಅದೇ ನೀರಿಗೆ ಕಳೆಯೂ ಹುಲುಸಾಗಿ ಬರುತ್ತದೆ, ಹೆಂಗಸರು ಹೆಚ್ಚು ದಿನ ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕಾಗುತ್ತದೆ. ಪಂಪು ನಿಂತರೆ ಮೊದಲು ಹೋಗುವುದು ಅವರ ಕೂಲಿ.

2ನೇ ಅಡ್ಡರಸ್ತೆ, ಮನೆ 12:
ನಾನು ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ಮೊದಲು ಆ ತಾಯಿಯನ್ನು ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾಯು ಚುಚ್ಚುಮದ್ದು ಬೇಕು, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಆ ಹೊತ್ತು ಮೀರಿಹೋಗಿದೆ ಎಂಬುದು ನನಗೆ ಬಹಳ ಸಂಕಟದ ವಿಷಯ.

ಸೂಜಿಯಾದರೂ ಕಣ್ಣಿಗೆ ಬೀಳುತ್ತದೆ, ಕೊಕ್ಕೆಹುಳು ಬೀಳುವುದಿಲ್ಲ. ಅದರ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಹೋಗುತ್ತದೆ. ರಕ್ತದೊಡನೆ ಶ್ವಾಸಕೋಶ ಸೇರಿ, ಗಂಟಲಿಗೇರಿ, ಅಲ್ಲಿಂದ ಸಣ್ಣ ಕರುಳಿಗೆ ಇಳಿದು ಕಚ್ಚಿಕೊಂಡು ರಕ್ತ ಹೀರುತ್ತದೆ. ಬಿಳಿಚಿದ ಕಣ್ಣು, ನಾಲ್ಕು ಹೆಜ್ಜೆಗೇ ಏದುಸಿರು: ಇದನ್ನೆಲ್ಲ ಸುಸ್ತು ಎಂದು ಸುಮ್ಮನಿರುತ್ತೇವೆ. ದುಂಡುಹುಳುವಿನ ತತ್ತಿಯಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೈ ತೊಳೆಯದೆ ರೊಟ್ಟಿ ಮುರಿದರೆ ಹೊಟ್ಟೆ ಸೇರಿತು. ನೀರಾವರಿ ನೀರಿನಲ್ಲಿ ಇಂಥ ತತ್ತಿ ಲೀಟರಿಗೆ ಒಂದನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಹೇಳಿದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು ಕೊಡುವ ಜಂತುಹುಳು ಮಾತ್ರೆ 1ರಿಂದ 19 ವರ್ಷದವರಿಗೆ. ಹೊಲದಲ್ಲಿ ದುಡಿಯುವ ತಾಯಂದಿರಿಗಾಗಿ ನಾವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಬೇಕು. ಬಸುರಿಯರಿದ್ದರೆ ಮೊದಲೇ ತಿಳಿಸಬೇಕು.

1ನೇ ಅಡ್ಡರಸ್ತೆ, ಮನೆ 6:
ನನಗೆ ಇಷ್ಟು ತಿಳಿದಿರಲಿಲ್ಲ. ಅರ್ಜಿಯ ಒಕ್ಕಣೆ ಬದಲಿಸುತ್ತೇನೆ: ಕೊಳಚೆ ನೀರು ಶುದ್ಧವಾಗಿಯೇ ಹಳ್ಳ ಸೇರಬೇಕು, ಸೂಜಿ ಸಿರಿಂಜು ಎಸೆಯುವವರನ್ನು ಹಿಡಿಯಬೇಕು. ಎಲ್ಲರಿಗೂ ಗಂಬೂಟು ಕೊಡಿಸೋಣವೇ?

3ನೇ ಅಡ್ಡರಸ್ತೆ, ಮನೆ 41:
ಹಿಂದೆ ಒಮ್ಮೆ ಕೊಟ್ಟಿದ್ದೆವು ಸರ್. ಎರೆಮಣ್ಣಿನಲ್ಲಿ ಬೂಟು ಹೂತು ಕಾಲು ಮಾತ್ರ ಮೇಲೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬದುವಿನ ಮೇಲಿದ್ದವು. ತಪ್ಪು ನಮ್ಮದು, ನೀರು ಹಾಯಿಸಿದ ದಿನವೇ ಕಳೆಗೆ ಇಳಿಸಿದ್ದೆವು. ಎರಡು ದಿನ ಮಣ್ಣು ಆರಲು ಬಿಟ್ಟರೆ ಬೂಟು ಹಾಕಿ ನಡೆಯಬಹುದು. ಮಾವನವರನ್ನು ನಾನು ಒಪ್ಪಿಸುತ್ತೇನೆ. ಬೂಟಿನ ದುಡ್ಡು ಹೊಲದವರೇ ಕೊಡಬೇಕು, ನಾವು ಕೊಡುತ್ತೇವೆ. ಊಟಕ್ಕೆ ಮುಂಚೆ ಕೈಕಾಲು ತೊಳೆಯಲು ಒಳ್ಳೆಯ ನೀರಿನ ಎರಡು ಕ್ಯಾನು ಬಡಾವಣೆಯಿಂದ ಬಂದರೆ ಉಪಕಾರ.

1ನೇ ಅಡ್ಡರಸ್ತೆ, ಮನೆ 6:
ಕ್ಯಾನು, ಸಾಬೂನು ನನ್ನ ಜವಾಬ್ದಾರಿ. ಬೆಳಗ್ಗೆ ನನ್ನ ಗಾಡಿಯಲ್ಲೇ ಇಳಿಸಿ ಬರುತ್ತೇನೆ.

2ನೇ ಅಡ್ಡರಸ್ತೆ, ಮನೆ 27:
ಅಕ್ಕ ನನ್ನ ಜೊತೆ ಆಟೋದಲ್ಲಿದ್ದಾರೆ, ಆಸ್ಪತ್ರೆಗೆ ಹೊರಟಿದ್ದೇವೆ. ಅವರ ಜೊತೆ ಕಳೆ ಕೀಳುವವರು ಇನ್ನೂ ಏಳು ಜನರಂತೆ. ಸಂಜೆಯೊಳಗೆ ಅವರ ಕಾಲಿನ ಅಳತೆ ಬರೆದು ಇಲ್ಲಿ ಹಾಕುತ್ತೇನೆ.