ಸಹಾಯ ಬೇಕು: ಡ್ಯಾಶ್‌ಬೋರ್ಡ್ ಇದೆ, ನೋಡುವವರೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಗೆ ಆರು ತಿಂಗಳ ಹಿಂದೆ ಪವರ್ ಬಿಐ (ಡೇಟಾವನ್ನು ಚಾರ್ಟ್ ಮಾಡಿ ತೋರಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ತಂದೆವು. ಅದರಲ್ಲಿ ಡ್ಯಾಶ್‌ಬೋರ್ಡ್, ಅಂದರೆ ಮುಖ್ಯ ಅಂಕಿಗಳನ್ನೆಲ್ಲ ಒಟ್ಟಿಗೆ ತೋರಿಸುವ ಪರದೆ, ಮಾಡಿದ್ದು ನಾನೇ. ಆದರೆ ಸೋಮವಾರದ ಮೀಟಿಂಗ್‌ಗೆ ಎಲ್ಲರೂ ಹಳೇ ಎಕ್ಸೆಲ್ ಶೀಟನ್ನೇ ಹಿಡಿದುಕೊಂಡು ಬರುತ್ತಾರೆ. ಒಂದು ಶೀಟಿನಲ್ಲಿ 10,48,576 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ. ನಮ್ಮ ಬಿಲ್‌ಗಳ ಡೇಟಾ ಅದನ್ನು ಯಾವಾಗಲೋ ದಾಟಿದೆ.

ನಿಜವಾದ ತಲೆನೋವು ಬೇರೆ. ಹೋದ ತಿಂಗಳ ಮಾರಾಟ ಎಷ್ಟು ಅಂತ ಕೇಳಿದರೆ ಮೂರು ಉತ್ತರ. ಸೇಲ್ಸ್‌ನವರು ಆರ್ಡರ್ ಬಂದ ದಿನ ಲೆಕ್ಕ ಹಿಡಿಯುತ್ತಾರೆ. ಅಕೌಂಟ್ಸ್‌ನವರು ಬಿಲ್ ಆದ ದಿನ. ಗೋಡೌನಿನವರು ವಾಪಸ್ ಬಂದ ಮಾಲನ್ನು ಕಳೆದು ಹೇಳುತ್ತಾರೆ. ಮೂವರೂ ಸರಿಯೇ! ನಾನು ಬಿಲ್ ತಾರೀಕು ಹಿಡಿದೆ, ಹಾಗಾಗಿ ಸೇಲ್ಸ್‌ನವರ ಬಾಯಲ್ಲಿ ನನ್ನದು 'ತಪ್ಪು ತೋರಿಸೋ ಪರದೆ'. ಯಾರನ್ನೂ ಕೇಳದೆ ಸುಮ್ನೆ ನಾನೇ ನಿರ್ಧರಿಸಿದ್ದು ತಪ್ಪು, ಒಪ್ಪುತ್ತೇನೆ.

ಈಗ ಮೇಲಿನವರಿಗೆ ಮುಂದಿನ ತಿಂಗಳ ಬೇಡಿಕೆಯ ಅಂದಾಜು ಬೇಕಂತೆ. ಹಿಂದಿನ ಲೆಕ್ಕವೇ ಕೂಡದಿರುವಾಗ ಮುಂದಿನದು ಹೇಗೆ, ಅಲ್ವಾ?

ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. 'ಮಾರಾಟ' ಅಂದರೆ ಏನು ಅಂತ ಬರೆದಿಡುವ ಜವಾಬ್ದಾರಿ ನಿಮ್ಮಲ್ಲಿ ಯಾರದು? ಅಕೌಂಟ್ಸ್‌ನವರದಾ, ಐಟಿಯವರದಾ? ಒಂದೇ ವಿಭಾಗದಿಂದ ಶುರು ಮಾಡಿದಿರಾ? ಇಂಥ ಪದಗಳ ಅರ್ಥ ಬರೆದಿಟ್ಟ ಪಟ್ಟಿಯ ಮಾದರಿ ಇದ್ದರೆ ಹಂಚಿಕೊಳ್ಳಿ. ಹೆಸರು, ಅಂಕಿ ತೆಗೆದು ಕೊಟ್ಟರೂ ಸಾಕು.