ಜರ್ಮನ್ ರಾಕ್ ರೆಕಾರ್ಡಿನಲ್ಲಿ "ಕರ್ನಾಟಕ ಕಾಲೇಜ್ ಆಫ್ ಪರ್ಕಷನ್" ಅಂತ ಹೆಸರಿದೆ, ಏನಿದು ಕಥೆ?

ಅಟ್ಟದ ಇಲಿ:

ಹೋದ ಭಾನುವಾರ ದೊಡ್ಡಪ್ಪನ ಮನೆಗೆ ಸುಣ್ಣ ಬಳಿಸೋದಿತ್ತು. ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ತಾಮ್ರದ ಹಂಡೆ, ಹಳೇ ಪಂಚಾಂಗಗಳ ಕಟ್ಟು, ಅದರ ಹಿಂದೆ ಒಂದು ತಗಡಿನ ಟ್ರಂಕು. ತೆಗೆದು ನೋಡಿದರೆ ಎಲ್‌ಪಿ ರೆಕಾರ್ಡುಗಳು. ಪಿಟೀಲು, ವೀಣೆ, ರಾಜ್‌ಕುಮಾರ್ ಹಾಡುಗಳು, ಇವೆಲ್ಲ ಇರುತ್ತವೆ ಅಂತ ಗೊತ್ತಿತ್ತು. ಆದರೆ ನಡುವೆ ಡಿಸಿಡೆಂಟನ್ ಅನ್ನೋ ಜರ್ಮನ್ ಬ್ಯಾಂಡಿನ "ಜರ್ಮನಿಸ್ತಾನ್" ಅಂತ ಒಂದು ರೆಕಾರ್ಡು. 1982ರದ್ದು. ಜೊತೆಗೆ ಯಾರು ನುಡಿಸಿದ್ದಾರೆ ಅಂತ ನೋಡಿದರೆ ತಾಳವಾದ್ಯ ಕಲಿಸುವ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್!

ದೊಡ್ಡಪ್ಪನನ್ನು ಕೇಳೋಣ ಅಂದರೆ ಅವರು ಈಗಿಲ್ಲ. ದೊಡ್ಡಮ್ಮ "ಅದಾ, ಯಾರೋ ಕೊಟ್ಟಿದ್ದು, ಸುಮ್ನೆ ಗಲಾಟೆ" ಅಂದರು. ಗೆಳೆಯನೊಬ್ಬನಿಗೆ ಫೋಟೊ ಕಳಿಸಿದೆ. ಅವನ ಪ್ರಕಾರ ಇದೆಲ್ಲ ಹಿಪ್ಪಿಗಳ ಕಾಲದ ಸಂಗೀತ, ಬಿಳಿಯರು ರಾಕ್ ಮಾಡಿ ಮೇಲೆ ಒಂದಿಷ್ಟು ಮೃದಂಗದ ಒಗ್ಗರಣೆ ಹಾಕುತ್ತಿದ್ದರು ಅಷ್ಟೇ. ಹುಡುಕಿದಾಗ ಇದು ಮ್ಯೂನಿಕ್‌ನ ಎಂಬ್ರಿಯೊ ಅನ್ನೋ ಇನ್ನೊಂದು ಬ್ಯಾಂಡಿನಿಂದ ಸಿಡಿದು ಬಂದ ಗುಂಪು ಅಂತ ಕಂಡಿತು. ಮ್ಯೂನಿಕ್‌ನವರಿಗೂ ಬೆಂಗಳೂರಿನ ಮೃದಂಗದವರಿಗೂ ಗಂಟು ಬಿದ್ದಿದ್ದು ಹೇಗೆ? ನಿಜವಾಗಿಯೂ ಬರೀ ಒಗ್ಗರಣೆಯಾ?

ಮಿಶ್ರಛಾಪು:

ಮೊದಲು ಆ ರೆಕಾರ್ಡನ್ನು ಬಿಸಿಲಿಗೆ ಇಡಬೇಡಿ, ಒಂದರ ಮೇಲೊಂದು ಮಲಗಿಸಲೂ ಬೇಡಿ, ನಿಲ್ಲಿಸಿಡಿ. ಆಮೇಲೆ ಕಥೆ.

ಎಂಬ್ರಿಯೊ ಶುರುವಾಗಿದ್ದು 1969ರಲ್ಲಿ, ಮ್ಯೂನಿಕ್‌ನಲ್ಲಿ. ಕ್ರಿಸ್ಟಿಯಾನ್ ಬುರ್ಖಾರ್ಡ್ ಡ್ರಮ್ಸು, ಎಡ್ಗರ್ ಹಾಫ್‌ಮನ್ ಸ್ಯಾಕ್ಸೋಫೋನು ಮತ್ತು ಪಿಟೀಲು. ಬುರ್ಖಾರ್ಡ್ ಮೂಲದಲ್ಲಿ ಜಾಝ್ ಹುಡುಗ, ಬಿಲ್ಲಿ ಹಾಲಿಡೇಗೆ ಪಿಯಾನೊ ನುಡಿಸಿದ್ದ ಮಾಲ್ ವಾಲ್ಡ್ರನ್ ಜೊತೆ ಕೂತು ಪಳಗಿದವನು. ಆ ಕಾಲದ ಜರ್ಮನ್ ಹುಡುಗರ ಕಷ್ಟ ಏನಂದರೆ, ಅಪ್ಪಂದಿರ ಕಾಲದ ಹಾಡು ಮುಟ್ಟಿದರೆ ಹಿಟ್ಲರ್ ಕಾಲದ ವಾಸನೆ, ಬಿಟ್ಟರೆ ಇಂಗ್ಲೆಂಡು ಅಮೆರಿಕದ ನಕಲು. ಎರಡೂ ಬೇಡ ಅಂತ ಕೆಲವರು ಬೇರೆ ದಾರಿ ಹುಡುಕಿದರು. ಕಲೋನ್‌ನಲ್ಲಿ ಕಾನ್, ಮ್ಯೂನಿಕ್‌ನಲ್ಲೇ ಆಮೊನ್ ಡ್ಯೂಲ್ 2. ಇಂಗ್ಲಿಷ್ ಪತ್ರಿಕೆಗಳು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಕ್ರೌಟ್‌ರಾಕ್ ಅಂದವು. ಕ್ರೌಟ್ ಅಂದರೆ ಅವರ ಹುಳಿ ಕೋಸು, ಜರ್ಮನ್ನರನ್ನು ಹಂಗಿಸೋಕೆ ಇಟ್ಟ ಅಡ್ಡಹೆಸರು. ನಮ್ಮ ಸಂಗೀತಕ್ಕೆ ಯಾರಾದರೂ "ಸಾಂಬಾರ್ ರಾಕ್" ಅಂದ ಹಾಗೆ.

1970ರಲ್ಲಿ ಮೊದಲ ರೆಕಾರ್ಡು "ಓಪಲ್". ಅದು ಇನ್ನೂ ರಾಕ್ ಕಡೆಗೇ ಇದೆ. ನನ್ನ ಲೆಕ್ಕದಲ್ಲಿ ತಿರುವು 1973ರ "ವಿ ಕೀಪ್ ಆನ್". ಅದರಲ್ಲಿ ಚಾರ್ಲಿ ಮರಿಯಾನೊ ಇದ್ದಾರೆ. ಬೋಸ್ಟನ್‌ನ ಸ್ಯಾಕ್ಸೋಫೋನ್ ವಾದಕ, ಮಲೇಷ್ಯಾದಲ್ಲಿ ಕೆಲಸಕ್ಕಿದ್ದಾಗ ನಾಗಸ್ವರ ಕೇಳಿ ಮರುಳಾಗಿ, ಅದನ್ನು ಕಲಿಯೋಕೆ ದಕ್ಷಿಣ ಭಾರತಕ್ಕೇ ಬಂದವರು. ಆ ರೆಕಾರ್ಡಿನಲ್ಲಿ ಅವರು ನಾಗಸ್ವರವನ್ನೂ ಊದಿದ್ದಾರೆ. ನಮ್ಮಲ್ಲಿ ಮದುವೆ ಮಂಟಪದಲ್ಲಿ ಕೇಳುವ ವಾದ್ಯ ಮ್ಯೂನಿಕ್ ಹುಡುಗರ ಡ್ರಮ್ಸ್ ಮೇಲೆ ಹಾರುತ್ತೆ, ಒಮ್ಮೆ ಕೇಳಿ ನೋಡಿ.

ಇನ್ನು ಬಸ್ಸಿನ ಕಥೆ. 1978ರಲ್ಲಿ ಇವರು ಬಸ್ಸಿನಲ್ಲಿ ವಾದ್ಯ, ಮೈಕು, ಹೆಂಡತಿ ಮಕ್ಕಳ ಸಮೇತ ಭಾರತಕ್ಕೆ ಹೊರಟರು. ರಸ್ತೆ ದಾರಿಯಲ್ಲಿ! ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿಕೊಂಡು. ನಾವು ಒಂದು ಟಿಟಿ ಮಾಡಿಕೊಂಡು ಕುಕ್ಕೆಗೆ ಹೋಗಿ ಬರೋವಷ್ಟರಲ್ಲಿ ಎರಡು ಮನೆ ಮಾತು ಬಿಟ್ಟಿರುತ್ತವೆ, ಇವರು ತಿಂಗಳುಗಟ್ಟಲೆ ಹಾಗೇ ಓಡಾಡಿದರು. ಕಾಬೂಲ್‌ನಲ್ಲಿ ಅಲ್ಲಿನವರ ಜೊತೆ ಕೂತು ನುಡಿಸಿದರು. ಕಾಲ ನೋಡಿ: 1979ರ ಶುರುವಿನಲ್ಲೇ ಇರಾನ್‌ನಲ್ಲಿ ಕ್ರಾಂತಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ಒಂದು ವರ್ಷ ತಡ ಮಾಡಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ. ಆ ಪ್ರಯಾಣದ ಧ್ವನಿ "ಎಂಬ್ರಿಯೋಸ್ ರೈಸೆ" ಎಂಬ ಎರಡು ಎಲ್‌ಪಿಯ ರೆಕಾರ್ಡಿನಲ್ಲಿದೆ. ರೈಸೆ ಅಂದರೆ ಪ್ರಯಾಣ. ವರ್ನರ್ ಪೆಂಜೆಲ್ ಜೊತೆಗಿದ್ದು ಸಿನಿಮಾ ಕೂಡ ಮಾಡಿದರು, "ವಾಗಬುಂಡನ್ ಕರಾವಾನೆ".

ಬೆಂಗಳೂರಿನ ಕಾಲೇಜಿನವರ ಗಂಟು ಬಿದ್ದಿದ್ದು ಈ ಓಡಾಟದ ಕಾಲದಲ್ಲೇ. ಕಾಲೇಜು ಶುರುವಾಗಿದ್ದು 1964ರಲ್ಲಿ. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎ. ಶಶಿಕುಮಾರ್, ಹಾಡೋಕೆ ಮಣಿಯವರ ಪತ್ನಿ ಆರ್.ಎ. ರಮಾಮಣಿ. 1980ರಲ್ಲಿ ಎಂಬ್ರಿಯೊ, ಮರಿಯಾನೊ, ಕಾಲೇಜು ಮೂರೂ ಸೇರಿದ "ಲೈಫ್" ಬಂತು. ಆಮೇಲೆ ಎಂಬ್ರಿಯೊದ ಕೆಲವರು, ಬಾಸ್ ಗಿಟಾರಿನ ಊವೆ ಮ್ಯೂಲ್ರಿಶ್, ಫ್ರೀಡೊ ಯೋಶ್ ಮುಂತಾದವರು ಹೊರಬಿದ್ದು ಡಿಸಿಡೆಂಟನ್ ಕಟ್ಟಿದರು. ನಿಮ್ಮ ಟ್ರಂಕಿನಲ್ಲಿರುವುದು ಅದರ ಮೊದಲ ಫಸಲು.

ಒಗ್ಗರಣೆ ಅನ್ನೋದನ್ನು ನಾನು ಒಪ್ಪಲ್ಲ. ಒಗ್ಗರಣೆ ಹಾಕುವವನು ಅಡುಗೆ ಮುಗಿದ ಮೇಲೆ ಬರುತ್ತಾನೆ. ಇವರು ಬಸ್ಸು ಹತ್ತಿ ಅಡುಗೆಮನೆಗೇ ಬಂದವರು.

ಗೋಡೆ ಗಡಿಯಾರ:

ಮಿಶ್ರಛಾಪು ಸರ್, ಬರೆದದ್ದು ಚೆನ್ನಾಗಿದೆ. ಆದರೆ ಸ್ವಲ್ಪ ಜಾಸ್ತಿಯೇ ಹೊಗಳಿದಿರಿ.

ಬಸ್ಸಿನಲ್ಲಿ ಬಂದರು ಅಂದ ಮಾತ್ರಕ್ಕೆ ಸಂಗೀತ ಕೂಡಿತು ಅಂತಲ್ಲ. ನಾನು ಆ ರೆಕಾರ್ಡುಗಳನ್ನು ಕೇಳಿದ್ದೇನೆ. ಸುಮಾರು ಕಡೆ ಆಗೋದು ಇಷ್ಟೇ: ಬಾಸ್ ಗಿಟಾರು ಒಂದೇ ಜಾಗದಲ್ಲಿ ಕೂತಿರುತ್ತೆ, ತಂಬೂರಿ ಹಾಗೆ. ನಮ್ಮವರು ಅದರ ಮೇಲೆ ಏನು ಬೇಕಾದರೂ ಕಟ್ಟುತ್ತಾರೆ. ಶ್ರುತಿ ಒಂದೇ ಕಡೆ ನಿಂತಿದೆ, ಅವರಿಗೆ ಅಡ್ಡಿ ಏನು? ಆದರೆ ಹೊಂದಿಕೊಳ್ಳುವ ಕೆಲಸ ಯಾರು ಮಾಡಿದರು ಅಂತ ಕೇಳಿ. ಹತ್ತು ಹನ್ನೆರಡು ವರ್ಷ ಗುರುವಿನ ಮುಂದೆ ಕೂತು ಲೆಕ್ಕ ಕಲಿತವನು ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತಾನೆ. ಆಚೆ ಕಡೆಯವರು ನಮ್ಮ ಗಮಕದ, ಅಂದರೆ ಸ್ವರವನ್ನು ತೂಗಿ ಜಾರಿಸುವ ರೀತಿಯ, ಹತ್ತಿರ ಬಂದರಾ? ತಾಳ ಕೂಡಿತು, ರಾಗ ಕೂಡಲಿಲ್ಲ, ಇದು ನನ್ನ ದೂರು.

ಅದಕ್ಕೇ ನನಗೆ ಇವೆಲ್ಲಕ್ಕಿಂತ 1983ರ "ಜ್ಯೋತಿ" ಇಷ್ಟ. ಇಸಿಎಂ ಅನ್ನೋ ರೆಕಾರ್ಡ್ ಕಂಪನಿ ತಂದದ್ದು, ಆ ಕಂಪನಿಯೂ ಮ್ಯೂನಿಕ್‌ನದೇ, ಅದೂ 1969ರಲ್ಲೇ ಶುರುವಾಗಿದ್ದು. ಆ ಊರಿನ ನೀರಿನಲ್ಲಿ ಆ ವರ್ಷ ಏನು ಬೆರೆಸಿದ್ದರೋ. "ಜ್ಯೋತಿ"ಯಲ್ಲಿ ರಾಕ್ ಬ್ಯಾಂಡ್ ಇಲ್ಲ, ಮರಿಯಾನೊ ಮತ್ತು ಕಾಲೇಜಿನವರು ಮಾತ್ರ. ರಮಾಮಣಿಯವರು ಮುಂದೆ ನಡೆಯುತ್ತಾರೆ, ಸ್ಯಾಕ್ಸೋಫೋನು ಹಿಂದೆ ಬರುತ್ತೆ. ಜಾಗ ಎಲ್ಲಿ ಬಿಡಬೇಕು ಅಂತ ಮರಿಯಾನೊಗೆ ಗೊತ್ತಿತ್ತು. ಅದು ಕೂಡಿದ ಸಂಗೀತ. ಉಳಿದದ್ದು ಅಕ್ಕಪಕ್ಕ ಕೂತ ಸಂಗೀತ.

ತಕಧಿಮಿ:

ಗಡಿಯಾರ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ನಾನು ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳೋದು, ಕಲಿಯುತ್ತಿರುವವಳು, ತಾಳ ಕೂಡಿತು ಅಂತ ನೀವು ಒಂದೇ ಮಾತಲ್ಲಿ ದಾಟಿಸಿಬಿಟ್ಟಿದ್ದೀರಿ, ಅದು ಅಷ್ಟು ಸುಲಭ ಅಲ್ಲ ಅಂತ ಹೇಳೋಕೆ ಬಂದೆ.

ಒಂದು ಕೆಲಸ ಮಾಡಿ. ಬಲಗಾಲಲ್ಲಿ ನೆಲಕ್ಕೆ ನಾಲ್ಕು ನಾಲ್ಕು ಎಣಿಕೆಯ ಪೆಟ್ಟು ಹಾಕುತ್ತಾ ಇರಿ, ರಾಕ್ ಡ್ರಮ್ಮರ್ ಹಾಗೆ, ಪ್ರತಿ ನಾಲ್ಕರ ಮೊದಲನೆಯದು ಜೋರಾಗಿ. ಬಾಯಲ್ಲಿ ಅದೇ ವೇಗದಲ್ಲಿ ಮಿಶ್ರ ಹೇಳಿ: ತಕಿಟ ತಕ ಧಿಮಿ, ತಕಿಟ ತಕ ಧಿಮಿ. ಮೂರು, ಎರಡು, ಎರಡು, ಒಟ್ಟು ಏಳು. ಎರಡನೇ ಸುತ್ತಿಗೇ ನಿಮ್ಮ "ತ" ಕಾಲಿನ ಪೆಟ್ಟು ಬಿಟ್ಟು ಓಡಿಹೋಗಿರುತ್ತೆ. ಹೆದರಬೇಡಿ, ಹೇಳುತ್ತಾ ಹೋಗಿ. ಬಾಯಿ ನಾಲ್ಕು ಸುತ್ತು, ಕಾಲು ಏಳು ಸುತ್ತು ಮುಗಿಸಿದಾಗ ಇಪ್ಪತ್ತೆಂಟು ಅಕ್ಷರ ಆಗಿರುತ್ತೆ, ಆಗ ಎರಡೂ ಮತ್ತೆ ಒಟ್ಟಿಗೆ ಬಂದು ಬೀಳುತ್ತವೆ. ಮೊದಲ ಸಲ ಸರಿಯಾಗಿ ಬಿದ್ದಾಗ ನಾನು ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಕ್ಕಿದ್ದೆ, ಪಕ್ಕದ ಅಜ್ಜಿ ಸ್ವಲ್ಪ ಸರಿದು ಕೂತರು.

ಈ ಇಪ್ಪತ್ತೆಂಟರ ತನಕ ಎದೆ ಗಟ್ಟಿ ಮಾಡಿಕೊಂಡು ಕಾಯುವ ಡ್ರಮ್ಮರ್ ಬೇಕು. ಕಾಲೇಜು ಫೆಸ್ಟಿನಲ್ಲಿ ನಮ್ಮ ಬ್ಯಾಂಡಿನ ಡ್ರಮ್ಮರ್ ಎರಡನೇ ಸುತ್ತಿಗೇ ಗಾಬರಿಯಾಗಿ "ನೀನು ತಪ್ಪಿದೆ" ಅಂತ ನನ್ನ ಕಡೆ ಕಣ್ಣು ಬಿಟ್ಟ, ನಾನು ಅವನ ಕಡೆ ಬಿಟ್ಟೆ, ಕೀಬೋರ್ಡಿನವನು ಸುಮ್ಮನೆ ನಿಲ್ಲಿಸಿಯೇಬಿಟ್ಟ. ಮರ್ಯಾದೆ ಹೋಯಿತು. ಎಂಬ್ರಿಯೊ ಜೊತೆ ಹಾಗಾಗಲಿಲ್ಲ ಅಂದರೆ ಅವರೂ ಎಣಿಸೋದು ಕಲಿತಿದ್ದರು ಅಂತ ತಾನೇ?

ಇನ್ನೊಂದು ವಿಷಯ, ದಾರಿ ಒಂದೇ ಕಡೆಗಿರಲಿಲ್ಲ. ರಮೇಶ್ ಶೋತಮ್ ಹೆಸರು ಕೇಳಿದ್ದೀರಾ? 70ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಅನ್ನೋ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು. ಅವರು ಇದೇ ಕಾಲೇಜಿಗೆ ಬಂದು ತವಿಲ್ (ನಾಗಸ್ವರದ ಜೊತೆ ಬಾರಿಸುವ ಡೋಲು) ಕಲಿತು, ಆಮೇಲೆ ಜರ್ಮನಿಗೆ ಹೋಗಿ ನೆಲೆಸಿದರು. ಎಂಬ್ರಿಯೊ ಜೊತೆಗೂ ನುಡಿಸಿದ್ದಾರೆ. ನಮ್ಮ ರಾಕ್ ಹುಡುಗ ಕರ್ನಾಟಕ ಸಂಗೀತಕ್ಕೆ ಬಂದು ಅಲ್ಲಿಂದ ಜರ್ಮನಿ ಸೇರಿದ್ದು, ಇದನ್ನು ಯಾರ ಒಗ್ಗರಣೆ ಅನ್ನೋಣ?

ಇಸಾರ್ ದಂಡೆ:

ನಾನಿರೋದು ಮ್ಯೂನಿಕ್‌ನಲ್ಲೇ, ಹಾಗಾಗಿ ಮುಂದಿನ ಕಥೆ ನಾನು ಹೇಳುತ್ತೇನೆ.

ಬ್ಯಾಂಡು ಎರಡಾದ ಮೇಲೆ ದಾರಿಗಳೂ ಎರಡಾದವು. ಡಿಸಿಡೆಂಟನ್‌ನವರು ಮೊರಾಕೊಗೆ ಹೋಗಿ ಅಲ್ಲಿನ ಲೆಮ್ ಶಹೆಬ್ ಗುಂಪಿನ ಜೊತೆ 1984ರಲ್ಲಿ "ಸಹಾರಾ ಎಲೆಕ್ಟ್ರಿಕ್" ಮಾಡಿದರು. ಅದರ "ಫಾಟಾ ಮೊರ್ಗಾನಾ" ಹಾಡಿಗೆ ಯುರೋಪಿನ ಡಿಸ್ಕೊಗಳಲ್ಲಿ ಜನ ಕುಣಿದರು. ಒಳ್ಳೆಯ ಹಾಡೇ, ನಾನು ಬೈಯಲ್ಲ.

ಬುರ್ಖಾರ್ಡ್ ಆ ಕಡೆ ಹೋಗಲಿಲ್ಲ. ದುಡ್ಡಿನ ವಿಷಯದಲ್ಲಿ ಮೊದಲಿಂದಲೂ ಹಠಮಾರಿ ಮನುಷ್ಯ. 1976ರಲ್ಲೇ ಬೇರೆ ಬ್ಯಾಂಡುಗಳ ಜೊತೆ ಸೇರಿ ಏಪ್ರಿಲ್ ಅಂತ ಸ್ವಂತ ರೆಕಾರ್ಡ್ ಕಂಪನಿ ಮಾಡಿದ್ದರು. ದೊಡ್ಡ ಕಂಪನಿ ಸಿಬಿಎಸ್ ಬಳಿ ಅದೇ ಹೆಸರಿನದೊಂದು ಇದ್ದುದರಿಂದ ಹೆಸರು ಬದಲಿಸಬೇಕಾಗಿ ಬಂದು ಶ್ನೇಬಾಲ್ ಅಂತ ಇಟ್ಟರು. ಹಿಮದ ಉಂಡೆ ಅಂತ ಅರ್ಥ. ಸುಮಾರು ಐವತ್ತು ವರ್ಷದಲ್ಲಿ ನೂರಾರು ಜನ ಎಂಬ್ರಿಯೊಗೆ ಬಂದು ಹೋಗಿದ್ದಾರೆ, ಅದು ಬ್ಯಾಂಡೋ ಛತ್ರವೋ ಅನ್ನೋ ಹಾಗೆ.

ಗಡಿಯಾರ ಅವರೇ, ಆಚೆ ಕಡೆಯವರು ಕಲಿಯಲಿಲ್ಲ ಅಂದಿರಲ್ಲ. ಬುರ್ಖಾರ್ಡ್ ಡ್ರಮ್ಸ್ ಬಿಟ್ಟು ಸಂತೂರ್ ಮುಂದೆ ಕೂತರು. ಎಂಬ್ರಿಯೊದಲ್ಲಿ ಗಿಟಾರ್ ನುಡಿಸುತ್ತಿದ್ದ ರೋಮನ್ ಬುಂಕಾ ಅರಬ್ಬರ ತಂತಿವಾದ್ಯ ಔದ್ ಕಲಿತದ್ದು ಎಷ್ಟರ ಮಟ್ಟಿಗೆ ಅಂದರೆ ಈಜಿಪ್ಟಿನ ದೊಡ್ಡ ಗಾಯಕ ಮೊಹಮದ್ ಮುನೀರ್ ಅವರೇ ಬುಂಕಾರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಮಕದ ಬಗ್ಗೆ ನೀವು ಹೇಳಿದ್ದನ್ನು ಮಾತ್ರ ಒಪ್ಪಿದೆ.

ಮರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ, ಮಣಿಯವರು 2020ರಲ್ಲಿ, ಬುಂಕಾ 2022ರಲ್ಲಿ ತೀರಿಕೊಂಡರು. ಬ್ಯಾಂಡ್ ನಿಂತಿಲ್ಲ. ಈಗ ನಡೆಸುತ್ತಿರುವುದು ಬುರ್ಖಾರ್ಡ್ ಮಗಳು ಮಾರ್ಯಾ. 2021ರಲ್ಲಿ "ಆಉಫ್ ಆಉಫ್" ಅಂತ ರೆಕಾರ್ಡು ಬಂತು, ಅದನ್ನು ತಂದದ್ದು ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್ ಅವರ ಕಂಪನಿ. ಒಂದು ಸಣ್ಣ ಹಾಲ್‌ನಲ್ಲಿ ನಾನು ಅವರನ್ನು ನೋಡಿದ್ದೇನೆ. ಮಾರ್ಯಾ ವೈಬ್ರಫೋನ್ ಬಾರಿಸುತ್ತಾ ಇದ್ದವಳು ಕೋಲು ಕೆಳಗಿಟ್ಟು, ಕಾಲ ಹತ್ತಿರ ಇದ್ದ ಟ್ರಾಂಬೋನ್ ಎತ್ತಿಕೊಂಡು ಊದಿದಳು, ತಾಳ ಒಂದಿಷ್ಟೂ ಅಲ್ಲಾಡಲಿಲ್ಲ.

ಅಟ್ಟದ ಇಲಿ:

ಎಲ್ಲರಿಗೂ ಥ್ಯಾಂಕ್ಸ್. ಸರ್ ಹೇಳಿದ ಹಾಗೆ ರೆಕಾರ್ಡು ನಿಲ್ಲಿಸಿಟ್ಟಿದ್ದೇನೆ. ನಿನ್ನೆ ಸಂಜೆ ಗೆಳೆಯನ ಪ್ಲೇಯರ್ ತಂದು ಹಾಕಿದೆ. ಎರಡು ಕಡೆ ಸೂಜಿ ಹಾರಿತು. ತಕಧಿಮಿ ಅವರ ಇಪ್ಪತ್ತೆಂಟು ಲೆಕ್ಕ ಹಾಕೋಕೆ ಹೋಗಿ ಹತ್ತೊಂಬತ್ತಕ್ಕೇ ತಪ್ಪಿದೆ. ಮೃದಂಗ ಬಂದಾಗ ದೊಡ್ಡಮ್ಮ ಅಡುಗೆಮನೆಯಿಂದ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. "ಇದನ್ನ ಅವರು ಬಾಗಿಲು ಹಾಕಿಕೊಂಡು ಕೇಳೋರು" ಅಂದರು. ಗಲಾಟೆ ಅಂತ ಈ ಸಲ ಅನ್ನಲಿಲ್ಲ. ಟ್ರಂಕಿನ ತಳದಲ್ಲಿ ಇನ್ನೂ ನಾಲ್ಕೈದು ಇವೆ, ಫೋಟೊ ಹಾಕುತ್ತೇನೆ.