ಮಳಿಗೆಯ ಟಿವಿಯಲ್ಲಿ ಇಡೀ ದಿನ ಒಂದೇ ವಿಡಿಯೋ ಓಡಬೇಕು, ಮಾಡಿದವರು ಹೇಳಿ

ಶಿರಸಿಯಿಂದ ಪ್ರಶ್ನೆ: ನಮ್ಮ ಮಹಿಳಾ ಸಂಘದ ಮಳಿಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ ಮಾರುತ್ತೇವೆ. ಮಿಡಿ ಕೊಯ್ಯುವುದರಿಂದ ಹಿಡಿದು ಭರಣಿ ತುಂಬುವವರೆಗೆ ನಾಲ್ಕು ನಿಮಿಷದ ವಿಡಿಯೋ ಮಾಡಿಸಿದ್ದೇವೆ. ಬೆಳಗ್ಗೆ ಹಚ್ಚಿದರೆ ರಾತ್ರಿವರೆಗೆ ತಾನಾಗಿ ಓಡುತ್ತಿರಬೇಕು. ಟಿವಿ ಇನ್ನೂ ಕೊಂಡಿಲ್ಲ. ಪೆನ್‌ಡ್ರೈವ್ ಸಾಕಾ?

ಕುಮಟಾದಿಂದ: ಸಾಕು ಅಕ್ಕ, ಕರೆಂಟ್ ಇರುವ ತನಕ. ಟಿವಿಯ ಪ್ಲೇಯರ್‌ನಲ್ಲಿ ರಿಪೀಟ್ ಒತ್ತಿದರೆ ವಿಡಿಯೋ ಸುತ್ತುತ್ತಲೇ ಇರುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಹೋಗಿ ಬಂದ ಮೇಲೆ ಎಷ್ಟೋ ಟಿವಿಗಳು ಕೆಂಪು ದೀಪ ಉರಿಸಿಕೊಂಡು ಸುಮ್ನೆ ಇರುತ್ತವೆ. ಆಗ ರಿಮೋಟ್ ಹುಡುಕಬೇಕು, ಯುಎಸ್‌ಬಿಗೆ ಹೋಗಬೇಕು, ಫೈಲ್ ತೆಗೆದು ಮತ್ತೆ ರಿಪೀಟ್ ಒತ್ತಬೇಕು. ಗಿರಾಕಿ ಮುಂದೆ ನಿಂತಿರುವಾಗ ಅದಕ್ಕೆಲ್ಲ ಯಾರಿಗೆ ಪುರಸೊತ್ತು?

ನಮ್ಮ ಹೋಮ್‌ಸ್ಟೇಯಲ್ಲಿ ಟಿವಿ ಹಿಂದೆ ರಾಸ್ಪ್‌ಬೆರಿ ಪೈ ಅಂಟಿಸಿದ್ದೇವೆ. ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್. ಕರೆಂಟ್ ಬಂದ ಕೂಡಲೇ ತಾನೇ ಏಳುತ್ತದೆ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಫುಲ್‌ಸ್ಕ್ರೀನ್‌ನಲ್ಲಿ, ಲೂಪ್ ಆಗಿ ತೆರೆಯುವಂತೆ ಸ್ಟಾರ್ಟ್‌ಅಪ್‌ಗೆ ಸೇರಿಸಿದರೆ ಆಯ್ತು. ಕರೆಂಟ್ ದಿಢೀರ್ ಹೋದಾಗ ಮೆಮೊರಿ ಕಾರ್ಡ್ ಕೆಡುವ ಭಯ ಇದೆ. ಹಾಗಾಗಿ ಎಲ್ಲ ಸರಿಯಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿಬಿಡಿ, ಆಗ ಕಾರ್ಡ್ ಮೇಲೆ ಏನೂ ಬರೆಯುವುದಿಲ್ಲ.

ಟಿವಿಯೂ ತಾನಾಗಿ ಏಳಬೇಕಲ್ವಾ? ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿಸಿ ನೋಡಿ. ಚಿತ್ರ ತಾನೇ ಬಂದರೆ ತಗೊಳ್ಳಿ. ಕೆಲವದರಲ್ಲಿ ಇದಕ್ಕೆ ಮೆನುವಿನಲ್ಲೇ ಆಯ್ಕೆ ಇರುತ್ತದೆ.

ಹೊನ್ನಾವರದಿಂದ: ಪೆನ್‌ಡ್ರೈವೇ ಸಾಕು ಅನ್ನಿಸಿದರೆ ಎಂಪಿ4 ಫೈಲ್ ಇರಲಿ, ಒಳಗೆ ಎಚ್.264 (ವಿಡಿಯೋ ಕುಗ್ಗಿಸುವ ಒಂದು ವಿಧಾನ). ಪ್ರತಿ ಸುತ್ತಿನ ಕೊನೆಗೆ ಪರದೆ ಒಮ್ಮೆ ಕಪ್ಪಾಗುತ್ತದೆ, ನೋಡುವವರಿಗೆ ಕಿರಿಕಿರಿ. ಅದೇ ವಿಡಿಯೋವನ್ನು 15 ಸಲ ಜೋಡಿಸಿ ಒಂದು ಗಂಟೆಯ ಫೈಲ್ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಸುವುದಿಲ್ಲ, ಅದೊಂದು ನೆನಪಿರಲಿ.

ಕಾರವಾರದಿಂದ: ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ ತಾನೇ ಆಫ್ ಆಗುವ ಟಿವಿಗಳಿವೆ. ಆಟೋ ಪವರ್ ಆಫ್ ತೆಗೆದುಹಾಕಿ. ಒಎಲ್ಇಡಿ ಪರದೆಯ ಟಿವಿ ಮಾತ್ರ ಬೇಡ. ಮೂಲೆಯಲ್ಲಿ ಸಂಘದ ಲೋಗೋ ದಿನವಿಡೀ ನಿಂತರೆ ಅದರ ಕಲೆ ಪರದೆಯಲ್ಲಿ ಉಳಿದುಬಿಡುತ್ತದೆ.

ಶಿರಸಿಯಿಂದ: ಪ್ಲಗ್ ಕಿತ್ತು ನೋಡಿಯೇ ತರುತ್ತೇವೆ. ಪೈ ಯಾವುದು ಸಾಕು?

ಕುಮಟಾದಿಂದ: 1080ಪಿ ವಿಡಿಯೋ ಆದರೆ ಪೈ 3 ಸಾಕು ಅಕ್ಕ, ಹಳೆಯದು ಸಿಕ್ಕಿದರೂ ತಗೊಳ್ಳಿ. ಅಡಾಪ್ಟರ್ ಮಾತ್ರ ಅದರದ್ದೇ ಇರಲಿ, ಮೊಬೈಲ್ ಚಾರ್ಜರ್ ಹಾಕಬೇಡಿ.